ಅರ್ಧ ದಂಡ, ಅರ್ಧ ನ್ಯಾಯ

ಅಬ್ಬಿಗೇರಿಯ ಕಿರಾಣಿ ಅಂಗಡಿಕಾರರೊಬ್ಬರು 2025ರ ಸೆಪ್ಟೆಂಬರ್ ಮೊದಲ ವಾರ ಬಸ್ಸಿಗೆ ಕಾಯುತ್ತಿದ್ದ ನಮ್ಮನ್ನು ಕೂಗಿ ಕರೆದರು. ಕೈಯಲ್ಲಿ ಮೊಬೈಲು, ಮುಖದಲ್ಲಿ ಬೇಸರ. "ಏನ್ರೀ ಪೇಪರ್‌ನವರ, ಇಲ್ಲಿ ನೋಡ್ರಿ. ಗಾಡಿ ನಿಲ್ಸಿದ್ದಕ್ಕ ಮೂರು ದಂಡ ಬಿದ್ದಾವ. ಎರಡು ನನ್ನವು, ಒಪ್ಕೋತೀನಿ. ಮೂರನೇದು ನಂದಲ್ಲ. ಆವತ್ತ ನನ್ನ ಗಾಡಿ ಅಂಗಡಿ ಮುಂದ ಇತ್ತು" ಎಂದರು.

ಫೋಟೋ ನೋಡಿದೆವು. ಹೆಸರು ಬೇಡ, ಒಂದು ಪೇಟೆ. ರಸ್ತೆ ಬದಿಗೆ ನಿಂತದ್ದು ಬೇರೆ ಬಣ್ಣದ, ಬೇರೆ ಕಂಪನಿಯ ಮೋಟಾರ್ ಸೈಕಲ್. ನಂಬರಿನಲ್ಲಿಯ 3 ಅನ್ನು ಯಾರೋ 8 ಎಂದು ಓದಿದ್ದಾರೆ. ತಕರಾರು ಹಾಕ್ರಿ ಎಂದರೆ ಅವರು ನಕ್ಕುಬಿಟ್ಟರು. "ಯಾರು ಓಡಾಡ್ತಾರ್ರೀ? ಈಗ ಹೆಂಗೂ ಅರ್ಧಕ್ಕ ಬಿಟ್ಟಾರ. ಒಂದು ದಿನ ಅಂಗಡಿ ಬಾಗಿಲಾ ಹಾಕಿದ್ರ ಅದಕ್ಕಿಂತ ಹೆಚ್ಚು ಹೋಗ್ತೈತಿ. ತುಂಬಿ ಕೈ ತೊಳಕೋತೀನಿ."

ತುಂಬಿಯೂ ಬಿಟ್ಟರು. ಮಾಡದ ತಪ್ಪಿಗೆ ಅರ್ಧ ದಂಡ! ಇದಕ್ಕೆ ರಿಯಾಯಿತಿ ಎನ್ನಬೇಕೋ ಮತ್ತೇನು ಎನ್ನಬೇಕೋ ಓದುಗರೇ ಹೇಳಬೇಕು.

ಸರಕಾರದ ಈ ಅರ್ಧ ದರದ ಸಂತೆ ಹೊಸದೇನಲ್ಲ. 2023ರ ಫೆಬ್ರುವರಿಯಲ್ಲಿ 11ನೇ ತಾರೀಖಿನವರೆಗೆ ಬಾಕಿ ದಂಡಕ್ಕೆ ಶೇಕಡಾ 50 ಬಿಟ್ಟರು. ಬೆಂಗಳೂರೊಂದರಲ್ಲೇ ನೂರು ಕೋಟಿಗೂ ಮಿಕ್ಕಿ ಹಣ ಬಂತು. ರುಚಿ ಹತ್ತಿತು. ಅದೇ ವರ್ಷ ಮತ್ತೆ ಬಿಟ್ಟರು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಬಿಟ್ಟರು, ನವೆಂಬರಿನಲ್ಲಿ ಇನ್ನೊಮ್ಮೆ ಬಿಟ್ಟರು. ಇದರಿಂದ ಜನ ಕಲಿತ ಪಾಠವೇನು? ಬಿದ್ದ ದಿನವೇ ದಂಡ ತುಂಬಿದವ ಹುಚ್ಚ, ವರ್ಷಗಟ್ಟಲೆ ಕೂತವ ಶಾಣ್ಯಾ. ಉದ್ರಿ ಗಿರಾಕಿಗೆ ಅರ್ಧ ಬಿಟ್ಟು ರೊಕ್ಕದ ಗಿರಾಕಿಗೆ ಪೂರಾ ಹಚ್ಚಿದರೆ ಯಾವ ಅಂಗಡಿ ನಡೆದೀತು? ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಂತ ನಮ್ಮವರದೇನೂ ತಪ್ಪಿಲ್ಲ ಎನ್ನಲಾಗದು. ಸಂತೆ ದಿನ ಬಸ್ ನಿಲ್ಲುವ ಕಡೆ ನೋಡಿರಿ. ಅಡ್ಡಾದಿಡ್ಡಿ ಬೈಕು, ಅವುಗಳ ಹಿಂದೆ ಟಂಟಂ. ಬಸ್ಸು ನಡುರಸ್ತೆಯಲ್ಲೇ ನಿಲ್ಲಬೇಕು, ತಲೆ ಮೇಲೆ ಗಂಟು ಹೊತ್ತ ಮುದುಕಿ ನಡುರಸ್ತೆಯಲ್ಲೇ ಇಳಿಯಬೇಕು. ಹೀಗೆ ಅಡ್ಡಿಯಾಗುವಂತೆ ಗಾಡಿ ಬಿಟ್ಟು ಹೋಗುವುದು 1988ರ ಮೋಟಾರು ವಾಹನ ಕಾಯಿದೆಯ 122ನೇ ಕಲಮಿನಂತೆ ತಪ್ಪು. ದಂಡ ಬೀಳಲಿ, ತಕರಾರಿಲ್ಲ.

ಆದರೆ ಅದೇ ಕಾಯಿದೆಯಲ್ಲಿ 117ನೇ ಕಲಮೂ ಇದೆ. ಗಾಡಿ ಎಲ್ಲಿ ನಿಲ್ಲಿಸಬೇಕೆಂಬುದನ್ನು ಸ್ಥಳೀಯ ಸಂಸ್ಥೆಯ ಕೂಡ ವಿಚಾರ ಮಾಡಿ ಗೊತ್ತುಪಡಿಸಲು ಅದು ಸರಕಾರಕ್ಕೆ ಅಧಿಕಾರ ಕೊಡುತ್ತದೆ. ಅಂಥ ಜಾಗ ನಮ್ಮ ಕಡೆಯ ಪೇಟೆಗಳಲ್ಲಿ ಎಷ್ಟಿವೆ? ಸಕ್ಕರೆ ಚೀಲ ಹೇರಿಕೊಳ್ಳಲು ಬಂದ ಸಣ್ಣ ವ್ಯಾಪಾರಿ ಗಾಡಿಯನ್ನು ತಲೆ ಮೇಲೆ ಹೊತ್ತುಕೊಳ್ಳಬೇಕೇ? 122 ನೆನಪಿದ್ದವರಿಗೆ 117 ಮರೆತದ್ದು ಹೇಗೆ?

ನಾವೇನು ವಕೀಲರಲ್ಲ, ಪಿ.ಯು.ಸಿ. ಅರ್ಧಕ್ಕೆ ಬಿಟ್ಟವರು. ಆದರೂ ಕೇಳಿ ತಿಳಿದ ನಾಲ್ಕು ಮಾತು ಹೇಳುತ್ತೇವೆ. ದಂಡ ತುಂಬಿದರೆ ರಾಜಿ ಮಾಡಿಕೊಂಡಂತೆ, ಮುಗಿದು ಹೋಯಿತು. ಆದ್ದರಿಂದ ತಕರಾರು ಇದ್ದವರು ಮೊದಲು ತುಂಬಬಾರದು. ಫೋಟೋ ನೋಡಿರಿ, ನಂಬರು, ಗಾಡಿ, ದಿನ, ವೇಳೆ, ಜಾಗ ಎಲ್ಲ ತಾಳೆ ನೋಡಿರಿ. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ತಂದ ನಿಯಮದಲ್ಲಿ ಕ್ಯಾಮೆರಾ ದಂಡದ ನೋಟೀಸು 15 ದಿನದೊಳಗೆ ಕಳಿಸಬೇಕು, ಪ್ರಕರಣ ಮುಗಿಯುವ ತನಕ ಫೋಟೋ ಇಟ್ಟಿರಬೇಕು ಎಂದು ಬರೆದಿದ್ದಾರೆ. ತಪ್ಪು ಕಂಡರೆ ಗಾಡಿಯ ಆರ್.ಸಿ. ಪ್ರತಿ ಹಚ್ಚಿ, ದಂಡ ಹಾಕಿದ ಠಾಣೆಗೆ ಅರ್ಜಿ ಕೊಟ್ಟು ಪೋಚು ಇಸಗೊಳ್ಳಿರಿ. ಅಲ್ಲಿ ಕೇಳದಿದ್ದರೆ ಕೋರ್ಟು ಇದೆ. ವಕೀಲರ ಖರ್ಚಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ನೆರವುಂಟು. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ದಂಡದ ಹೆಸರಿನಲ್ಲಿ ವಾಟ್ಸಪ್ಪಿಗೆ ಬರುವ ಫೈಲು ಮಾತ್ರ ಒತ್ತಬೇಡಿ. ಅದು ಬ್ಯಾಂಕಿನ ರೊಕ್ಕ ಹೊಡೆಯುವವರ ಕೆಲಸ.

ಇನ್ನೊಂದು ರೋಗ ನಮ್ಮ ಹಳ್ಳಿಗಳದ್ದೇ. ಬಾಯಿಮಾತಿನಲ್ಲಿ ಗಾಡಿ ಮಾರಿ, ಕೀಲಿ ಕೊಟ್ಟು, ಚಹಾ ಕುಡಿದು ಎದ್ದು ಬರುವುದು. ಹೆಸರು ಬದಲಾಗುವುದಿಲ್ಲ. ಕೊಂಡವ ಎಲ್ಲೋ ಗಾಡಿ ಬಿಡುತ್ತಾನೆ, ದಂಡ ಇಲ್ಲಿ ಮಾರಿದವನ ಮನೆಗೆ ಬರುತ್ತದೆ. ಮಾರಿದವ 14 ದಿನದೊಳಗೆ, ಕೊಂಡವ 30 ದಿನದೊಳಗೆ ಆರ್.ಟಿ.ಓ. ಆಫೀಸಿಗೆ ತಿಳಿಸಬೇಕೆಂದು 50ನೇ ಕಲಮು ಹೇಳುತ್ತದೆ. ದಂಡವಾದರೂ ಹೋಗಲಿ, ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿದ್ದವನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಮನೆ ಮಾರುವ ಮಾತದು.

ಸಂಬಂಧಪಟ್ಟವರಿಗೆ ನಮ್ಮದು ಮೂರೇ ಬೇಡಿಕೆ. ಒಂದು, ರಿಯಾಯಿತಿ ಕೊಡುವುದಾದರೆ ತಿಂಗಳೊಳಗೆ ತುಂಬಿದವರಿಗೆ ಕೊಡಿರಿ, ಕಾಯ್ದು ಕೂತವರಿಗಲ್ಲ. ಎರಡು, ತಿಂಗಳಿಗೊಂದು ದಿನ ರೋಣದಲ್ಲಿ ಕೂತು ತಕರಾರು ಕೇಳಿರಿ. ನಂಬರು ತಪ್ಪಿದ ದಂಡ ಐದು ನಿಮಿಷದಲ್ಲಿ ರದ್ದಾಗಲಿ. ಮೂರು, ದಂಡ ಹಾಕುವ ಮೊದಲು ಗಾಡಿ ನಿಲ್ಲಿಸಲು ಜಾಗ ತೋರಿಸಿ ಕನ್ನಡದಲ್ಲಿ ಬೋರ್ಡು ಹಾಕಿರಿ.

ಆ ಅಂಗಡಿಕಾರರು ಮೊನ್ನೆ ಮತ್ತೆ ಸಿಕ್ಕಿದ್ದರು. "ರೊಕ್ಕದ ಮಾತಲ್ರೀ, ನಾ ಮಾಡಿಲ್ಲ ಅಂತ ಹೇಳಾಕ ಒಂದು ಜಾಗಾ ಇರಲಿಲ್ಲಲ್ರೀ" ಎಂದರು. ಸರಕಾರದ ಖಜಾನೆಗೆ ಅವರ ಹಣ ದೊಡ್ಡದಲ್ಲ. ಅವರ ಈ ಮಾತು ದೊಡ್ಡದು. ಮೇಲಿನವರ ಕಿವಿಗೆ ಬೀಳುವುದೇ?