ಪಾರ್ಲರಿನ ದುಡಿಮೆ ಯಾರ ಕೈಗೆ?



ಹೊಲಿಗೆ, ಹಪ್ಪಳ-ಸಂಡಿಗೆ, ಎಮ್ಮೆ ಸಾಕಣೆ ಎಂದು ಸಾಲದ ಅರ್ಜಿ ಬಂದರೆ ನಮ್ಮ ಸಂಘಗಳಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. ಬ್ಯೂಟಿ ಪಾರ್ಲರ್ ಎಂದು ಬರೆದಿದ್ದರೆ ಮಾತ್ರ ಸಭೆಯಲ್ಲೊಂದು ನಗೆ ಹಾಯುತ್ತದೆ. 'ಹುಬ್ಬು ತೀಡೋದಕ್ಕೂ ಸಾಲವೇ?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಈಗ ಹೋಬಳಿ ಊರುಗಳಲ್ಲೂ ಪಾರ್ಲರಿನ ಬೋರ್ಡು ಕಾಣುತ್ತದೆ. ಹಾಗಾಗಿ ಈ ನಗೆಯ ಬಗ್ಗೆ ಸ್ವಲ್ಪ ಮಾತಾಡಬೇಕು ಅನಿಸಿದೆ.

ನಮ್ಮ ಚಳವಳಿಯವರಿಗೆ ಸೌಂದರ್ಯದ ವ್ಯಾಪಾರದ ಬಗ್ಗೆ ಹಳೆಯ ಸಿಟ್ಟಿದೆ. 1996ರ ನವೆಂಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಮಹಿಳಾ ಸಂಘಟನೆಗಳು ಬೀದಿಗಿಳಿದವು. ಹೆಣ್ಣಿನ ಮೈಯನ್ನು ಸರಕು ಮಾಡಿ ಕಂಪನಿಗಳು ತಮ್ಮ ಸರಕು ಮಾರುತ್ತವೆ ಎಂಬ ಆ ದಿನದ ಮಾತನ್ನು ಇವತ್ತೂ ನಾನು ಹಿಂದಕ್ಕೆ ತೆಗೆದುಕೊಳ್ಳಲಾರೆ. 1975ರಿಂದ ಬಿಳುಪಿನ ಆಸೆ ತೋರಿಸಿ ಮಾರಾಟವಾದ ಒಂದು ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಎಂಬ ಪದವನ್ನು ಕಿತ್ತುಹಾಕಿತು. ಹೆಣ್ಣು ನೋಡಲು ಬಂದವರ ಬಾಯಿಂದ ಆ ಪದ ಹೋಗಿಲ್ಲ. 'ಹುಡುಗಿ ಸ್ವಲ್ಪ ಕಪ್ಪು' ಎಂದು ವರದಕ್ಷಿಣೆ ಏರಿಸುವ ಚೌಕಾಶಿ ನಮಗೆಲ್ಲ ಗೊತ್ತಿರುವುದೇ.

ಆದರೆ ಕಂಪನಿಯ ಮೇಲಿನ ಸಿಟ್ಟನ್ನು ದಿನವಿಡೀ ನಿಂತು ದುಡಿಯುವ ಹೆಂಗಸಿನ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ? ಹೊಗೆಯ ಚಟಕ್ಕಾಗಿ ಬೀಡಿ ಕಟ್ಟುವ ಅಕ್ಕನನ್ನು ಯಾರಾದರೂ ಬೈಯುತ್ತಾರೆಯೇ? ಈ ನಗೆಯೊಳಗೆ ಜಾತಿಯ ವಾಸನೆಯೂ ಇದೆ ಎಂದು ನನ್ನ ಅನುಮಾನ. ತಲೆಮಾರುಗಳಿಂದ ಕೂದಲು ಕತ್ತರಿಸಿದವರನ್ನು ಕೀಳಾಗಿ ಕಂಡ ಸಮಾಜ ನಮ್ಮದು. ಅದೇ ಕೆಲಸಕ್ಕೆ ಗಾಜಿನ ಬಾಗಿಲು, ಇಂಗ್ಲಿಷ್ ಹೆಸರು ಬಂದ ಮೇಲೆ ಅರ್ಧ ಗೌರವ ಸಿಕ್ಕಿದೆ, ಇನ್ನರ್ಧ ನಗೆಯಾಗಿ ಉಳಿದಿದೆ.

ಇದು ಹೇಗೂ 'ಹೆಂಗಸರ ಕೆಲಸ' ತಾನೇ ಎನ್ನುವವರಿಗೆ ಒಂದು ಸಂಗತಿ ಹೇಳುತ್ತೇನೆ. ಹಣ ಹೆಚ್ಚಿರುವ ಕಡೆ ಈ ಕೆಲಸವೂ ಗಂಡಸರದೇ ಆಗಿತ್ತು. ಮುಂಬಯಿ ಸಿನಿಮಾ ರಂಗದಲ್ಲಿ ಕಲಾವಿದರ ಸಂಘ ಐವತ್ತಕ್ಕೂ ಹೆಚ್ಚು ವರ್ಷ ಹೆಂಗಸರಿಗೆ ಮೇಕಪ್ ಮಾಡುವ ಕಾರ್ಡನ್ನೇ ಕೊಡಲಿಲ್ಲ. ಹೆಂಗಸರು ಜಡೆ ಹಾಕಲಿ, ಮುಖಕ್ಕೆ ಬಣ್ಣ ಹಚ್ಚುವುದು ಗಂಡಸರ ಹೊಟ್ಟೆಪಾಡು ಎಂಬುದು ಅವರ ವಾದ. ತರಬೇತಿ ಪಡೆದು ಬಂದ ಚಾರು ಖುರಾನಾ ಮತ್ತು ಗೆಳತಿಯರು ಸುಪ್ರೀಂ ಕೋರ್ಟಿಗೆ ಹೋದರು. 2014ರ ನವೆಂಬರ್ 10ರಂದು ಕೋರ್ಟು ಆ ನಿಯಮವನ್ನು ತೆಗೆದುಹಾಕಿತು.

ಇನ್ನು ಕಲಿಯುವ ಮಾತು. ದುಡ್ಡು ಕಟ್ಟಿಸಿಕೊಂಡು ವಾರದಲ್ಲಿ ಸರ್ಟಿಫಿಕೇಟು ಕೊಡುವ ಕಡೆ ಹೋಗಬೇಡಿ. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳ ಕ್ಷೇತ್ರ ಮತ್ತು ಎರಡು ಬ್ಯಾಂಕುಗಳು ಸೇರಿ ಶುರುಮಾಡಿದ ರುಡ್‌ಸೆಟ್ ಮಾದರಿಯಲ್ಲೇ ಈಗ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಊಟ, ವಸತಿಯೂ ಸೇರಿ ತರಬೇತಿ ಉಚಿತ. ಪಾರ್ಲರ್ ತರಬೇತಿ ಸುಮಾರು ಒಂದು ತಿಂಗಳದು. ಒಂದು ವರ್ಷ ಬಿಡುವು ಮಾಡಿಕೊಳ್ಳಬಲ್ಲ ಹುಡುಗಿಯರಿಗೆ ಐಟಿಐಗಳಲ್ಲಿ ಕಾಸ್ಮೆಟಾಲಜಿ ಎಂಬ ವಿಭಾಗವೇ ಇದೆ. ಒಂದು ತಿಂಗಳಲ್ಲಿ ದಾರ ಹಿಡಿಯಲು ಬರುತ್ತದೆ, ಕೈ ಕೂರುವುದಿಲ್ಲ. ಯಾರದ್ದಾದರೂ ಪಾರ್ಲರಿನಲ್ಲಿ ಕೆಲವು ತಿಂಗಳು ಕೆಲಸ ಮಾಡಿ, ಆಮೇಲೆ ಸಾಲಕ್ಕೆ ಕೈಹಾಕುವುದು ಒಳ್ಳೆಯದು.

ರಾಸಾಯನಿಕಗಳ ವಿಷಯ ಹಗುರವಲ್ಲ. ಕೂದಲಿನ ಕಪ್ಪು ಬಣ್ಣದಲ್ಲಿರುವ ಪಿಪಿಡಿ ಕೆಲವರಿಗೆ ಮುಖ ಊದಿಸಿ ಉಸಿರು ಕಟ್ಟಿಸಬಲ್ಲದು. ಎರಡು ದಿನ ಮುಂಚೆ ಕಿವಿಯ ಹಿಂದೆ ಚೂರು ಹಚ್ಚಿ ನೋಡಲೇಬೇಕು. ಕೂದಲು ನೇರ ಮಾಡುವ ಕೆಲವು ದ್ರಾವಣಗಳಿಂದ ಬರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ. ಗಿರಾಕಿ ಅದನ್ನು ವರ್ಷಕ್ಕೊಮ್ಮೆ ಉಸಿರಾಡಿದರೆ ಪಾರ್ಲರಿನವಳು ದಿನವೂ ಉಸಿರಾಡುತ್ತಾಳೆ. ಕಿಟಕಿ ಇಲ್ಲದ ಕೋಣೆ ಬಾಡಿಗೆಗೆ ಅಗ್ಗ ಎಂದು ಹಿಡಿಯಬೇಡಿ. ಬೇಗ ಬೆಳ್ಳಗಾಗುತ್ತೀರಿ ಎಂದು ಮೆಡಿಕಲ್ ಅಂಗಡಿಯ ಸ್ಟಿರಾಯ್ಡ್ ಮುಲಾಮನ್ನು ಯಾರಿಗೂ ಹಚ್ಚಬೇಡಿ, ಅದು ಚರ್ಮವನ್ನು ತೆಳುಮಾಡಿ ಕೆಡಿಸುತ್ತದೆ. ಮದುವೆ ಹುಡುಗಿಯ ತಾಯಿ ಎಷ್ಟೇ ಗೋಗರೆದರೂ ಬೇಡ.

ಈಗ ನಮ್ಮ ಪತ್ರಿಕೆಗೆ ಹತ್ತಿರದ ಪ್ರಶ್ನೆಗೆ ಬರುತ್ತೇನೆ. ದುಡಿದ ದುಡ್ಡು ಯಾರ ಕೈ ಸೇರುತ್ತದೆ?

ಮದುವೆಯ ತಿಂಗಳುಗಳಲ್ಲಿ ಮದುಮಗಳ ಅಲಂಕಾರಕ್ಕೆ ಸಾವಿರಗಳಲ್ಲಿ ಸಂಭಾವನೆ ಸಿಗುತ್ತದೆ. ಆಷಾಢದಲ್ಲಿ ಹುಬ್ಬಿನ ಚಿಲ್ಲರೆಯೇ ಗತಿ. ಈ ಏರಿಳಿತವನ್ನು ಲೆಕ್ಕದ ಪುಸ್ತಕದಲ್ಲಿ ಹಿಡಿಯದವಳಿಗೆ ತಾನೆಷ್ಟು ದುಡಿದೆ ಎಂಬುದೇ ತಿಳಿಯುವುದಿಲ್ಲ, ಗಂಡನಿಗೆ ಮಾತ್ರ ಚೆನ್ನಾಗಿ ತಿಳಿದಿರುತ್ತದೆ. ಮೊಬೈಲಿನಿಂದ ಹಣ ಕೊಡುವ ಕಾಲ ಬಂದ ಮೇಲೆ ಇದು ಇನ್ನೂ ಸಲೀಸಾಗಿದೆ. ಗೋಡೆಯ ಮೇಲೆ ಅಂಟಿಸಿದ ಆ ಚೌಕದ ಚಿತ್ರ ಯಾರ ಖಾತೆಯದು ಎಂದು ಕೇಳಿ ನೋಡಿ. ಎಷ್ಟೋ ಕಡೆ ಅದು ಗಂಡನದು. ದಿನವಿಡೀ ನಿಂತು ಕಾಲು ಊದಿದವಳು ಸಂಜೆ ಬಸ್ಸಿನ ಖರ್ಚಿಗೆ ಅವನನ್ನೇ ಕೇಳಬೇಕು.

ಇದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೆಸರಿದೆ: ಆರ್ಥಿಕ ದೌರ್ಜನ್ಯ. ಹೊಡೆತದಷ್ಟೇ ಅದೂ ದೌರ್ಜನ್ಯ. ಆದ್ದರಿಂದ ಬಾಡಿಗೆ ಕರಾರು, ಕುರ್ಚಿ, ಸ್ಟೀಮರ್ ಕೊಂಡ ರಸೀದಿ, ಬ್ಯಾಂಕ್ ಖಾತೆ ಎಲ್ಲವೂ ಅವಳ ಹೆಸರಿನಲ್ಲಿರಲಿ. ರಸೀದಿಗಳ ಒಂದು ನಕಲು ಸಂಘದ ಪೆಟ್ಟಿಗೆಯಲ್ಲಿರಲಿ. ಜಗಳವಾದ ರಾತ್ರಿ ಕಾಗದಗಳು ಒಲೆಗೆ ಹೋಗುವುದನ್ನು ನಾವು ನೋಡಿದ್ದೇವೆ.

ಇನ್ನೊಂದು ಹೊಸ ಚಾಳಿ ಕಾಣುತ್ತಿದೆ. 'ಸೊಸೆಗೆ ಪಾರ್ಲರ್ ಹಾಕಿಸಿಕೊಡಿ, ಅವಳಿಗೇ ಒಳ್ಳೆಯದು' ಎಂದು ಗಂಡನ ಮನೆಯವರು ತವರಿಗೆ ಹೇಳಿಕಳಿಸುತ್ತಾರೆ. ಕೇಳಲು ಎಷ್ಟು ಚೆಂದ! ಕೊಡದಿದ್ದರೆ ಮಾತು ಬಿಡುವುದು, ಆಮೇಲೆ ಕೈ ಮಾಡುವುದು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮದುವೆಯಾದ ನಂತರ ಕೇಳುವುದನ್ನೂ ಒಳಗೊಳ್ಳುತ್ತದೆ. ಮನೆ ಕಟ್ಟಲು ಹಣ ತಾ ಎಂದು ಪೀಡಿಸುವುದೂ ವರದಕ್ಷಿಣೆಯೇ ಎಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮನೆಗೆ ಆದದ್ದು ಪಾರ್ಲರಿಗೆ ಏಕೆ ಆಗಬಾರದು? ಹಳೆಯ 498ಎ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು ಬಂದಿದೆ. ದೂರು ಬರೆಯುವಾಗ ಸಂಖ್ಯೆ ನೆನಪಿರಲಿ. ಬಂಡವಾಳ ಬೇಕಿದ್ದರೆ ತವರಿನ ಹೊಲ ಮಾರಿಸುವುದು ಬೇಕಿಲ್ಲ. ಸಂಘದ ಸಾಲವಿದೆ, 50,000 ರೂಪಾಯಿವರೆಗೆ ಅಡಮಾನವಿಲ್ಲದ ಮುದ್ರಾ 'ಶಿಶು' ಸಾಲವಿದೆ.

ಪಾರ್ಲರಿನ ಕೆಲಸ ಮಾಡುವ ಗೆಳತಿಯರಿಗೇ ನೇರವಾಗಿ ಒಂದು ಮಾತು. ನೀವು ಮುಖ ತೊಳೆಯುವಾಗ, ಕುತ್ತಿಗೆ ಒರೆಸುವಾಗ, ತೋಳಿನ ಕೂದಲು ತೆಗೆಯುವಾಗ ಬೇರೆ ಯಾರಿಗೂ ಕಾಣದ್ದು ನಿಮಗೆ ಕಾಣುತ್ತದೆ. ಬೆರಳಿನ ಗುರುತು, ಬೀಡಿಯಲ್ಲಿ ಸುಟ್ಟ ಕಲೆ, ಹಿಡಿದೆಳೆದು ಬೋಳಾದ ನೆತ್ತಿ. 'ಬಚ್ಚಲಲ್ಲಿ ಜಾರಿದೆ' ಎನ್ನುತ್ತಾರೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2017ರಿಂದ ಕೇಶಾಲಂಕಾರದವರಿಗೆ, ಬ್ಯೂಟಿಷಿಯನ್ನರಿಗೆ ಕೌಟುಂಬಿಕ ಹಿಂಸೆಯ ಬಗ್ಗೆ ಒಂದು ಗಂಟೆಯ ಪಾಠ ಕಡ್ಡಾಯ, ಇಲ್ಲದಿದ್ದರೆ ಲೈಸೆನ್ಸ್ ನವೀಕರಣವಿಲ್ಲ. ಹೆಂಗಸು ಪೊಲೀಸರ ಮುಂದೆ ಹೇಳದ್ದನ್ನು ತಲೆ ಬಾಚುವವಳ ಮುಂದೆ ಹೇಳುತ್ತಾಳೆ ಎಂದು ಅಲ್ಲಿಯವರಿಗೆ ತಿಳಿದಿತ್ತು. ನಮ್ಮ ತರಬೇತಿಗಳಲ್ಲೂ ಅಂಥ ಒಂದು ಗಂಟೆ ಇರಬೇಕೆಂದು ನಾವು ಕೇಳಬೇಕು.

ಅದು ಬರುವ ತನಕ ನೀವು ಉಪದೇಶ ಮಾಡಬೇಕಿಲ್ಲ, ರಾಜಿ ಪಂಚಾಯಿತಿಯನ್ನಂತೂ ಖಂಡಿತ ಬೇಡ. ಕೇಳಿಸಿಕೊಳ್ಳಿ. ಅವಳು ಒಪ್ಪಿದರೆ ತಾಲ್ಲೂಕಿನ ಸಂರಕ್ಷಣಾಧಿಕಾರಿಗೆ, ಅಂದರೆ ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ತಿಳಿಸಿ. ಹಿಂಸೆಗೆ ಒಳಗಾದವಳೇ ಹೋಗಬೇಕೆಂದಿಲ್ಲ, ತಿಳಿದ ಯಾರು ಬೇಕಾದರೂ ಹೇಳಬಹುದು. ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಬರುವುದಿಲ್ಲವೆಂದು ಕಾಯ್ದೆಯ 4ನೇ ಕಲಮಿನಲ್ಲೇ ಇದೆ. ಮಹಿಳಾ ಸಹಾಯವಾಣಿ 181ರ ಚೀಟಿಯನ್ನು ಬಾಗಿಲಿನ ಹೊರಗೆ ಹಾಕಬೇಡಿ, ಕರೆದೊಯ್ಯಲು ಬಂದ ಗಂಡ ಓದುತ್ತಾನೆ. ಒಳಗೆ, ತಲೆ ತೊಳೆಯುವ ಕುರ್ಚಿಯಲ್ಲಿ ಒರಗಿದವಳಿಗೆ ಕಾಣುವ ಹಾಗೆ ಅಂಟಿಸಿ.