ಮಳೆ ಬಂತು ಅಂತ ಬೈಕಿನ ಮೂಗು ಮುಚ್ಚಬೇಡಿ

ಮುಂಗಾರು ಕಾಲಿಟ್ಟ ಕೂಡಲೇ ಬೈಕಿನವರಿಗೆ ಸಲಹೆಗಳ ಸುರಿಮಳೆಯೂ ಶುರುವಾಗುತ್ತದೆ. 'ಏರ್ ಫಿಲ್ಟರಿಗೆ ಪ್ಲಾಸ್ಟಿಕ್ ಕವರ್ ಕಟ್ಟು', 'ಫಿಲ್ಟರ್ ಡಬ್ಬಿಯ ತೂತಿಗೆ ಟೇಪ್ ಅಂಟಿಸು', 'ನೀರು ಬಂದ್ರೆ ಫಸ್ಟ್ ಗೇರಲ್ಲಿ ಫುಲ್ ರೇಸ್ ಕೊಟ್ಟು ನುಗ್ಗಿಸು, ಏನೂ ಆಗಲ್ಲ'... ಪೆಟ್ರೋಲ್ ಬಂಕಿನಿಂದ ಹಿಡಿದು ಫ್ಲೈಓವರ್ ಕೆಳಗೆ ಮಳೆ ನಿಲ್ಲಲಿ ಅಂತ ಕಾಯುವ ಗುಂಪಿನವರೆಗೆ ಎಲ್ಲರೂ ಮೆಕ್ಯಾನಿಕ್ಕುಗಳೇ. ಈ ಮೂರರಲ್ಲಿ ಮೊದಲ ಎರಡು ಗಾಡಿಗೆ ಕೆಟ್ಟದ್ದು, ಮೂರನೆಯದು ಗಾಡಿಗೂ ಸವಾರನಿಗೂ ಕೆಟ್ಟದ್ದು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ, ಆಮೇಲೆ ಜಗಳಕ್ಕೆ ಬನ್ನಿ :-)

ಮೊದಲು ಒಂದು ಸಣ್ಣ ಲೆಕ್ಕ. ನಮ್ಮ ಬೈಕುಗಳದ್ದು ಫೋರ್ ಸ್ಟ್ರೋಕ್ ಇಂಜಿನ್. ಎರಡು ಸುತ್ತಿಗೆ ಒಂದು ಸಲ ಉಸಿರು ಎಳೆಯುತ್ತದೆ. 150 ಸಿಸಿ ಗಾಡಿ 6000 ಆರ್‌ಪಿಎಂನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಓಡುತ್ತಿದ್ದರೆ ನಿಮಿಷಕ್ಕೆ 3000 ಉಸಿರು, ಒಂದೊಂದಕ್ಕೆ ಹೆಚ್ಚೆಂದರೆ 150 ಮಿಲಿ ಗಾಳಿ. ಅಂದರೆ ನಿಮಿಷಕ್ಕೆ ಹತ್ತಿರ ಹತ್ತಿರ 450 ಲೀಟರ್! ಅಷ್ಟು ಗಾಳಿ ಬೇಡುವ ಮೂಗಿಗೆ ನೀವು ಕಟ್ಟುವ ಪ್ಲಾಸ್ಟಿಕ್ ಕವರು ಸರಿಯಾಗಿ ಮುಚ್ಚದಿದ್ದರೆ ಅದರಿಂದ ಉಪಯೋಗವಿಲ್ಲ. ಸರಿಯಾಗಿ ಮುಚ್ಚಿದರೆ ಇಂಜಿನ್ನಿಗೆ ಉಸಿರೇ ಇಲ್ಲ. ಕಾರ್ಬೊರೇಟರ್ ಗಾಡಿಯಾದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಜಾಸ್ತಿಯಾಗುತ್ತದೆ. ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್ಗು, ಬಿದ್ದುಹೋದ ಮೈಲೇಜು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೊಸ ಗಾಡಿಗಳಲ್ಲಿ ಕಾರ್ಬೊರೇಟರ್ ಹೆಚ್ಚುಕಡಿಮೆ ಮಾಯವಾಯ್ತು, ನಿಜ. ಆದರೆ ಇಂಜೆಕ್ಷನ್ ಗಾಡಿಯಾದರೂ ಗಾಳಿ ಇಲ್ಲದೆ ಶಕ್ತಿ ಎಲ್ಲಿಂದ ಬರಬೇಕು?

ಅಸಲಿಗೆ ಸುರಿಯುವ ಮಳೆ ಬೈಕಿನ ಶತ್ರುವೇ ಅಲ್ಲ. ಫಿಲ್ಟರ್ ಡಬ್ಬಿಯ ಬಾಯಿ ಸಾಮಾನ್ಯವಾಗಿ ಸೀಟಿನ ಕೆಳಗೋ ಪಕ್ಕದ ಪ್ಯಾನೆಲ್ ಒಳಗೋ ಇರುತ್ತದೆ, ಮಳೆಗೆ ಎದುರಾಗಿ ಇರುವುದಿಲ್ಲ. ಗಾಳಿ ಅಲ್ಲಿಂದ ತಿರುವು ತೆಗೆದುಕೊಂಡು ಒಳಗೆ ಹೋಗಬೇಕು. ಹನಿ ನೀರು ಗಾಳಿಗಿಂತ ಭಾರ, ತಿರುವಿನಲ್ಲಿ ಹಿಂದೆ ಉಳಿದು ಡಬ್ಬಿಯ ತಳಕ್ಕೆ ಬೀಳುತ್ತದೆ. ಅಲ್ಲಿಂದ ಹೊರಗೆ ಹೋಗಲಿಕ್ಕೆ ತಳದಲ್ಲಿ ಒಂದು ಡ್ರೈನ್ ತೂತೋ ಟ್ಯೂಬೋ ಇರುತ್ತದೆ. ನಮ್ಮ ಬುದ್ಧಿವಂತರು ಟೇಪ್ ಅಂಟಿಸುವುದು ಅದಕ್ಕೇ ನೋಡಿ! ಹೊರಗೆ ಹೋಗಬೇಕಾದ ನೀರು ಒಳಗೇ ನಿಲ್ಲುತ್ತದೆ.

ನಂಬಿಕೆ ಬರದಿದ್ದರೆ ಮಲೆನಾಡಿನ ಕಡೆ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಆ ಕಡೆಯವರು ಮಳೆಗಾಲದಲ್ಲೂ ಬೈಕಿನಲ್ಲೇ ಡೈರಿಗೆ ಹಾಲು ಹಾಕುತ್ತಾರೆ, ಪೇಟೆಗೆ ಹೋಗಿ ಬರುತ್ತಾರೆ. ಅವರು ಮುಚ್ಚಿಕೊಳ್ಳುವುದು ತಮ್ಮ ತಲೆಯನ್ನು, ಗಾಡಿಯ ಮೂಗನ್ನಲ್ಲ. ಹೆಚ್ಚೆಂದರೆ ಹಳೇ ಟ್ಯೂಬಿನ ರಬ್ಬರ್ ಕತ್ತರಿಸಿ ಮುಂದಿನ ಮಡ್‌ಗಾರ್ಡಿಗೆ ಬೋಲ್ಟ್ ಹಾಕಿ ಜೋತುಬಿಡುತ್ತಾರೆ. ಚಕ್ರ ಎರಚುವ ಕೆಸರು ಇಂಜಿನ್ ಮೇಲೆ ಬರದಂತೆ ತಡೆಯುವುದಕ್ಕೆ ಇದಕ್ಕಿಂತ ಒಳ್ಳೇ ಉಪಾಯ ನಾನಂತೂ ಕಂಡಿಲ್ಲ.

ಶತ್ರು ಇರುವುದು ನಿಂತ ನೀರಿನಲ್ಲಿ. ಗಾಳಿಯನ್ನು ಒತ್ತಿ ಸಣ್ಣದು ಮಾಡಬಹುದು, ನೀರನ್ನು ಆಗುವುದಿಲ್ಲ. ಅದೇ 150 ಸಿಸಿ ಇಂಜಿನ್ನಿನ ಕಂಪ್ರೆಷನ್ ರೇಷಿಯೋ 9.5 ಇದೆ ಅಂದುಕೊಳ್ಳಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆಯ ಮೇಲೆ ಉಳಿಯುವ ಜಾಗ ಸುಮಾರು 18 ಮಿಲಿ. ಮೂರೂವರೆ ಟೀ ಚಮಚ! ಅದಕ್ಕಿಂತ ಹೆಚ್ಚು ನೀರು ಒಳಗೆ ಹೋಯಿತೋ, ಪಿಸ್ಟನ್ನಿಗೆ ಮೇಲೆ ಬರಲು ದಾರಿಯಿಲ್ಲ. ಕೆಳಗಿನಿಂದ ಕ್ರ್ಯಾಂಕು ತಳ್ಳುತ್ತಲೇ ಇರುತ್ತದೆ. ನಡುವೆ ಸಿಕ್ಕಿಕೊಂಡ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇದೇ ಹೈಡ್ರೋಲಾಕ್. 'ಗಾಡಿ ನೀರು ಕುಡಿದಿದೆ ಸಾರ್' ಅಂತ ಗ್ಯಾರೇಜಿನವರು ಹೇಳುವುದು ಇದನ್ನೇ.

ಈಗ ಆ 'ಫುಲ್ ರೇಸ್' ಸಲಹೆಗೆ ಬನ್ನಿ. ಅದರಲ್ಲಿ ಅರ್ಧ ಸತ್ಯವಿದೆ. ಸೈಲೆನ್ಸರ್ ಮುಳುಗಿದರೂ ಇಂಜಿನ್ ಓಡುತ್ತಿದ್ದರೆ ಹೊಗೆಯ ಒತ್ತಡ ನೀರನ್ನು ಹೊರಗೆ ತಳ್ಳುತ್ತದೆ. ಆದರೆ ನಿಜವಾಗಿ ನೋಡಬೇಕಾದ ಮಟ್ಟ ಸೈಲೆನ್ಸರಿನದ್ದಲ್ಲ, ಗಾಳಿ ಎಳೆಯುವ ಬಾಯಿಯದ್ದು. ರೇಸ್ ಜಾಸ್ತಿಯಾದಷ್ಟೂ ಎಳೆತ ಜಾಸ್ತಿ. ವೇಗ ಜಾಸ್ತಿಯಾದಷ್ಟೂ ಮುಂದೆ ಏಳುವ ಅಲೆ ಎತ್ತರ. ಎದುರಿನಿಂದ ಬಸ್ಸೊಂದು ಬಂದರೆ ಅದರ ಅಲೆ ಬೇರೆ. ಮೊಣಕಾಲುದ್ದ ಇದ್ದ ನೀರು ಸೀಟಿನ ತನಕ ಬರಲು ಒಂದು ಕ್ಷಣ ಸಾಕು. ಸ್ಕೂಟರಿನವರಂತೂ ಇನ್ನೂ ಹುಷಾರಾಗಿರಬೇಕು. ಫಿಲ್ಟರ್ ಡಬ್ಬಿ ಎಡಗಡೆ ಹಿಂದಿನ ಚಕ್ರದ ಪಕ್ಕದಲ್ಲೇ ಇರುತ್ತದೆ, ಅದರ ಕೆಳಗೆ ಬೆಲ್ಟಿನ ಡಬ್ಬಿ. ಬೆಲ್ಟ್ ಒದ್ದೆಯಾದರೆ ಜಾರುತ್ತದೆ, ಎಷ್ಟು ರೇಸ್ ಕೊಟ್ಟರೂ ಗಾಡಿ ಮುಂದೆ ಹೋಗುವುದಿಲ್ಲ.

ನನ್ನ ಬಲವಾದ ಆಕ್ಷೇಪ ಇರುವುದು ಇಲ್ಲಿಯೇ. ನೀರಿಗೆ ನುಗ್ಗಿಸುವುದನ್ನು ನಾವು ಧೈರ್ಯ ಅಂತ ಕರೀತೀವಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ನೋಡಿದ್ದೇವೆ. 2023ರ ಮೇ 21ರಂದು ಕೆ.ಆರ್. ಸರ್ಕಲ್ ಅಂಡರ್‌ಪಾಸಿನ ನೀರಿಗೆ ಇಳಿದ ಕಾರು ಮುಳುಗಿ ಒಬ್ಬ ಯುವತಿ ಸತ್ತೇಹೋದರು. ನಾಲ್ಕು ಚಕ್ರದ ಕಾರಿನ ಗತಿ ಅದಾದರೆ ಎರಡು ಚಕ್ರದ್ದೇನು? ಕೆಂಪು ನೀರಿನ ಕೆಳಗೆ ಗುಂಡಿ ಇದೆಯೋ, ಮುಚ್ಚಳ ಇಲ್ಲದ ಮ್ಯಾನ್‌ಹೋಲ್ ಇದೆಯೋ ಯಾರಿಗೆ ಗೊತ್ತು? ರಸ್ತೆ ಕಾಣದ ಕಡೆ ಬೈಕ್ ಇಳಿಸುವುದು ಧೈರ್ಯ ಅಲ್ಲ, ಜೂಜು.

ಈ ಜೂಜನ್ನು ಬಲವಂತವಾಗಿ ಆಡುವವರೂ ಇದ್ದಾರೆ. ಅರ್ಧ ಗಂಟೆಯೊಳಗೆ ಬಿರಿಯಾನಿ ತಲುಪಿಸಬೇಕಾದ ಡೆಲಿವರಿ ಹುಡುಗರು. ಅವರ ಗಾಡಿ ನಿಂತರೆ ಆ ದಿನದ ಸಂಪಾದನೆ ನಿಲ್ಲುತ್ತದೆ, ರಾಡ್ ಬಗ್ಗಿದರೆ ತಿಂಗಳ ದುಡ್ಡು ಗ್ಯಾರೇಜಿಗೆ. ನಮ್ಮಲ್ಲಿ ಮಾಮೂಲಿ ಇನ್ಶೂರೆನ್ಸಿನಲ್ಲಿ ಹೀಗೆ ನೀರು ಕುಡಿದ ಇಂಜಿನ್ನಿಗೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. ಇಂಜಿನ್ ರಕ್ಷಣೆಯ ಆಡ್-ಆನ್ ಅಂತ ಬೇರೆ ದುಡ್ಡು ಕಟ್ಟಿರಬೇಕು. ಜೋರು ಮಳೆಯ ಹೊತ್ತಿನಲ್ಲಿ ಆರ್ಡರ್ ಮಾಡುವ ಮುನ್ನ ಸ್ವಲ್ಪ ಯೋಚಿಸೋಣ. ಮನೆಯಲ್ಲಿ ಅವಲಕ್ಕಿ ಇದ್ದೇ ಇರುತ್ತಲ್ಲ.

ಹಾಗಾದರೆ ಏನು ಮಾಡಬೇಕು? ಜಾಸ್ತಿ ಏನಿಲ್ಲ.

- ಕಂಪನಿ ಕೊಟ್ಟ ಫಿಲ್ಟರ್ ಡಬ್ಬಿಯನ್ನು ಹಾಗೇ ಬಿಡಿ. ಡಬ್ಬಿ ಕಿತ್ತು 'ಸೌಂಡ್ ಚೆನ್ನಾಗಿ ಬರತ್ತೆ' ಅಂತ ಕೋನ್ ಫಿಲ್ಟರ್ ಹಾಕಿಸಿದರೆ ಹಿಂದಿನ ಚಕ್ರದ ಕೆಸರಿಗೆ ಇಂಜಿನ್ನಿನ ಮೂಗನ್ನು ನೇರವಾಗಿ ಒಡ್ಡಿದಂತೆ.
- ಮಳೆಗಾಲಕ್ಕೆ ಮುಂಚೆ ಡ್ರೈನ್ ಟ್ಯೂಬ್ ನೋಡಿಸಿ. ತುದಿಯಲ್ಲಿ ಮುಚ್ಚಳ ಇದ್ದು ಒಳಗೆ ನೀರೋ ಜಿಡ್ಡೋ ಕಂಡರೆ ಬಿಚ್ಚಿ ಖಾಲಿ ಮಾಡಿಸಿ, ಮತ್ತೆ ಹಾಕಿಸಿ.
- ಪೇಪರ್ ಫಿಲ್ಟರ್ ಒದ್ದೆಯಾದರೆ ಒಣಗಿಸುತ್ತ ಕೂರಬೇಡಿ, ಬದಲಾಯಿಸಿ. ತೊಳೆದು, ಹಿಂಡಿ, ಒಣಗಿಸಿ, ಎಣ್ಣೆ ಸವರಿ ಮತ್ತೆ ಹಾಕುವುದು ಸ್ಪಂಜಿನ ಫಿಲ್ಟರನ್ನು ಮಾತ್ರ.
- ವಾಟರ್ ಸರ್ವಿಸಿಗೆ ಬಿಟ್ಟಾಗ ಪ್ರೆಶರ್ ಪೈಪನ್ನು ಸೀಟಿನ ಕೆಳಗೆ, ಸೈಲೆನ್ಸರ್ ಬಾಯಿಗೆ ಹಿಡಿಯಬೇಡಪ್ಪಾ ಅಂತ ಹೇಳಿ. ಮಳೆ ಮಾಡದ ಹಾನಿಯನ್ನು ಆ ಪೈಪು ಮಾಡುತ್ತದೆ.
- ಚಕ್ರದ ಅರ್ಧಕ್ಕಿಂತ ಮೇಲೆ ನೀರಿದ್ದರೆ ಹಿಂದೆ ತಿರುಗಿ. ಇದು ಪುಸ್ತಕದ ನಿಯಮವಲ್ಲ, ನಾನು ಹಾಕಿಕೊಂಡ ಗೆರೆ.

ಇಷ್ಟೆಲ್ಲ ಆಗಿಯೂ ನೀರಿನ ನಡುವೆ ಗಾಡಿ ನಿಂತರೆ ಒಂದೇ ಮಾತು ನೆನಪಿಡಿ. ಸೆಲ್ಫ್ ಒತ್ತಬೇಡಿ, ಕಿಕ್ಕರ್ ಒದೆಯಬೇಡಿ. ನಿಂತ ಇಂಜಿನ್ ಉಳಿದಿರುವ ಸಾಧ್ಯತೆ ಇದೆ. ಅದನ್ನು ಹಾಳು ಮಾಡುವುದು ಆಮೇಲಿನ ನಮ್ಮ ಅವಸರ. ತಳ್ಳಿಕೊಂಡು ಒಣ ಜಾಗಕ್ಕೆ ಬನ್ನಿ. ಫಿಲ್ಟರ್ ಒದ್ದೆಯಿದೆಯಾ ನೋಡಿ. ಒದ್ದೆಯಿದ್ದರೆ ಪ್ಲಗ್ ಬಿಚ್ಚಿ, ಇಗ್ನಿಷನ್ ಆಫ್ ಇಟ್ಟು ಮೆಲ್ಲಗೆ ನಾಲ್ಕಾರು ಸಲ ಕಿಕ್ ಮಾಡಿದರೆ ಒಳಗಿನ ನೀರು ಪ್ಲಗ್ಗಿನ ತೂತಿನಿಂದ ಚಿಮ್ಮುತ್ತದೆ. ಕಿಕ್ಕರ್ ಇಲ್ಲದ ಗಾಡಿಯಾದರೆ ಮೆಕ್ಯಾನಿಕ್ ಬರುವ ತನಕ ಕಾಯಿರಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೂ ನೀರು ಸೇರಿದೆ ಅಂತ ಅರ್ಥ, ಬದಲಾಯಿಸದೆ ಸ್ಟಾರ್ಟ್ ಮಾಡಲೇಬೇಡಿ.

ಕೊನೆಗೊಂದು ಗೊಣಗಾಟ. ನನ್ನ ಗಾಡಿಯ ಜೊತೆ ಬಂದ ಕೈಪಿಡಿ ಪೂರ್ತಿ ಇಂಗ್ಲಿಷಿನಲ್ಲಿದೆ. ಎಷ್ಟು ಆಳದ ನೀರಿನ ತನಕ ಹೋಗಬಹುದು ಅನ್ನೋದಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲ. ಕರ್ನಾಟಕದಲ್ಲಿ ಗಾಡಿ ಮಾರುವ ಕಂಪನಿಗಳು ಮಳೆಗಾಲದ ಬಗ್ಗೆ ಕನ್ನಡದಲ್ಲಿ ಎರಡು ಪುಟ ಅಚ್ಚು ಹಾಕಿಸಿದರೆ ಅವರ ಗಂಟೇನು ಹೋಗುತ್ತೆ? ಫ್ಲೈಓವರ್ ಕೆಳಗಿನ ಪಂಡಿತರಿಗೆ ಕೆಲಸ ಸ್ವಲ್ಪ ಕಡಿಮೆಯಾಗಬಹುದು, ಅಷ್ಟೇ.

ನಿಮ್ಮ ಕಡೆ ಮಳೆಗಾಲಕ್ಕೆ ಗಾಡಿಗೆ ಏನೇನು ಮಾಡುತ್ತೀರಿ? ನನ್ನ ಮಾತು ತಪ್ಪು ಅನ್ನಿಸಿದರೂ ಹೇಳಿ. ಪ್ಲಾಸ್ಟಿಕ್ ಕವರ್ ಪಕ್ಷದವರಿಗೂ ಸ್ವಾಗತ :-)