ಬೀಜದ ಚೀಲಕ್ಕೆ ಚೀಟಿ ಐತಿ, ಫೋನಿನ ಸಲಹೆಗೆ ಯಾಕಿಲ್ಲ?



ಈಗ ಹೊಲದಲ್ಲಿ ಎಲೆ ಸ್ವಲ್ಪ ಬಣ್ಣ ಬದಲಾದ್ರೆ ಸಾಕು, ನಮ್ಮ ಹುಡುಗರು ಫೋನ್ ತೆಗೆದು ಫೋಟೊ ಹೊಡೀತಾರೆ. "ಎಐ ಹೇಳ್ತೈತಿ ಬಿಡು ದೊಡ್ಡಪ್ಪ" ಅಂತಾರೆ. ಎರಡು ನಿಮಿಷದಲ್ಲಿ ರೋಗದ ಹೆಸರು, ಔಷಧಿ ಹೆಸರು, ಎಷ್ಟು ಹಾಕಬೇಕು ಅನ್ನೋದು ಎಲ್ಲಾ ಕನ್ನಡದಲ್ಲೇ ಬರುತ್ತೆ. ಇದು ಬೇಡ ಅನ್ನೋನು ನಾನಲ್ಲ. ಆದರೆ ನಂಬೋದಕ್ಕೆ ಮೊದಲು ಏನು ಕೇಳಬೇಕು ಅನ್ನೋದನ್ನ ನಾವು ರೈತರೇ ಗಟ್ಟಿಯಾಗಿ ಮಾತಾಡಬೇಕು ಅಂತ ಈ ಬರಹ. ಸ್ವಲ್ಪ ಉದ್ದ ಐತಿ, ಬಿಡುವು ಮಾಡ್ಕೊಂಡು ಓದಿ.

ಮೆಕ್ಕೆಜೋಳದ ಬೀಜದ ಪ್ಯಾಕೆಟ್ ತಗೊಳ್ಳುವಾಗ ನಾವು ಏನು ನೋಡ್ತೀವಿ? ಲಾಟ್ ನಂಬರ್, ಪರೀಕ್ಷೆ ಮಾಡಿದ ದಿನಾಂಕ, ಎಷ್ಟು ದಿನದವರೆಗೆ ನಡೆಯುತ್ತೆ, ಮೊಳಕೆ ಶೇಕಡಾ ಎಷ್ಟು. ಮೆಕ್ಕೆಜೋಳಕ್ಕೆ ಕನಿಷ್ಠ 90, ಶೇಂಗಾಕ್ಕೆ 70. ಇದೆಲ್ಲ 1966ರ ಬೀಜ ಕಾಯ್ದೆ ಬಂದ ಮೇಲೆ ಆದದ್ದು. ಕಂಪನಿಯವರು ಒಳ್ಳೆಯವರೋ ಕೆಟ್ಟವರೋ ಅಂತ ನಾವು ನೋಡಬೇಕಾಗಿಲ್ಲ, ಚೀಟಿ ನೋಡಿದ್ರೆ ಸಾಕು. ಮೊಳಕೆ ಬರದಿದ್ರೆ ಆ ಚೀಟಿ, ಬಿಲ್ಲು ಹಿಡ್ಕೊಂಡು ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು. ಬೀಜ ಕೊಂಡ ರೈತನೂ ಗ್ರಾಹಕನೇ ಅಂತ ರಾಷ್ಟ್ರೀಯ ಬೀಜ ನಿಗಮದ ಕೇಸಿನಲ್ಲಿ 2012ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಈಗ ಫೋನಿನ ಸಲಹೆಗೆ ಇಂಥ ಚೀಟಿ ಎಲ್ಲೈತಿ? ಯಾವ ಊರಿನ ಹೊಲದಲ್ಲಿ ಪರೀಕ್ಷೆ ಮಾಡಿದ್ರು, ನೂರಕ್ಕೆ ಎಷ್ಟು ಸರಿ ಬಂತು, ಯಾವ ವರ್ಷದವರೆಗಿನ ಫೋಟೊ ನೋಡಿ ಕಲಿತಿದೆ, ತಪ್ಪಾದ್ರೆ ಯಾರು ಜವಾಬ್ದಾರಿ? ಒಂದೂ ಇಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ "ತಪ್ಪಾಗಬಹುದು, ಪರಿಶೀಲಿಸಿ" ಅಂತ ಒಂದು ಸಾಲು ಇರ್ತದೆ, ಅಷ್ಟೇ. ಹಂಗೆ ಬರೆದು ಬೀಜ ಮಾರಿದ್ರೆ ನಾವು ಸುಮ್ಮನೆ ಇರ್ತಿದ್ವಾ?

ಪರೀಕ್ಷೆ ಎಲ್ಲಿ ಮಾಡಿದ್ರು ಅನ್ನೋದು ಯಾಕೆ ಮುಖ್ಯ ಅಂತ ಹೇಳ್ತೀನಿ. ಎಲೆ ಫೋಟೊ ನೋಡಿ ರೋಗ ಹೇಳೋ ಯಂತ್ರಗಳ ಬಗ್ಗೆ 2016ರಲ್ಲಿ ಒಂದು ದೊಡ್ಡ ಸಂಶೋಧನೆ ಬಂತು. ಪ್ಲಾಂಟ್‌ವಿಲೇಜ್ ಅನ್ನೋ ಸಂಗ್ರಹದ 54,306 ಎಲೆಗಳ ಫೋಟೊ, 14 ಬೆಳೆ, 26 ರೋಗ. ಯಂತ್ರ ನೂರಕ್ಕೆ 99.35 ಸರಿ ಹೇಳ್ತು. ಎಲ್ಲರೂ ಹೊಗಳಿದ್ದು ಈ ಸಂಖ್ಯೆಯನ್ನೇ. ಆದರೆ ಅದೇ ಸಂಶೋಧಕರು ಅದೇ ಬರಹದಲ್ಲಿ ಇನ್ನೊಂದು ಮಾತೂ ಬರೆದಿದ್ದಾರೆ. ಬೇರೆ ಕಡೆ, ಬೇರೆ ರೀತಿಯಲ್ಲಿ ತೆಗೆದ ಫೋಟೊ ತೋರಿಸಿದಾಗ ಅದು ನೂರಕ್ಕೆ 31ರ ಆಸುಪಾಸಿಗೆ ಇಳೀತು. ಕಾರಣ ಏನಂದ್ರೆ, ಕಲಿಸಿದ ಫೋಟೊಗಳೆಲ್ಲ ಎಲೆ ಕಿತ್ತು ಹಾಳೆ ಮೇಲೆ ಒಂದೊಂದಾಗಿ ಇಟ್ಟು ತೆಗೆದವು. ನಮ್ಮ ಹೊಲದಲ್ಲಿ ಎಲೆ ಗಾಳಿಗೆ ಅಲ್ಲಾಡ್ತಿರುತ್ತೆ, ಮೇಲೆ ಧೂಳು, ಹಿಂದೆ ಕಳೆ, ಬಿಸಿಲು ಕಣ್ಣಿಗೆ ಹೊಡೀತದೆ. ಆ 14 ಬೆಳೆಗಳಲ್ಲಿ ಸೇಬು, ದ್ರಾಕ್ಷಿ, ಸ್ಟ್ರಾಬೆರಿ ಅದಾವ. ಮೆಕ್ಕೆಜೋಳ ಐತಿ. ಜೋಳ ಇಲ್ಲ, ರಾಗಿ ಇಲ್ಲ, ಶೇಂಗಾ ಇಲ್ಲ, ಈರುಳ್ಳಿ ಇಲ್ಲ. ನೀಲಗುಂದದಿಂದ ಕೊಟ್ಟೂರಿನವರೆಗೆ ಹೋಗಿ ನೋಡ್ರಿ, ಹೊಲದಲ್ಲಿ ಏನೈತಿ ಅಂತ.

ನಾನು ಆ ಸಂಶೋಧಕರನ್ನ ಬೈತಿಲ್ಲ. 31 ಅನ್ನೋದನ್ನ ಅವರೇ ಬರೆದಿದ್ದಕ್ಕೆ ಅವರ ಮೇಲೆ ನನಗೆ ಗೌರವ ಐತಿ. ನಮಗೆ ಬೇಕಾದ ಚೀಟಿ ಅದೇ.

ಇನ್ನು ದಿನಾಂಕದ ವಿಚಾರ. ಮೆಕ್ಕೆಜೋಳದ ಸುಳಿ ತಿನ್ನೋ ಫಾಲ್ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಶಿವಮೊಗ್ಗದ ಕಡೆ. ಅದಕ್ಕೆ ಮುಂಚಿನ ನಮ್ಮ ಹೊಲಗಳ ಫೋಟೊ ನೋಡಿ ಕಲಿತ ಯಂತ್ರಕ್ಕೆ ಈ ಹುಳುವಿನ ಗುರುತೇ ಇರಲ್ಲ. ಆದರೂ "ಗೊತ್ತಿಲ್ಲ" ಅನ್ನಲ್ಲ, ತನಗೆ ಗೊತ್ತಿರೋ ಹುಳುಗಳಲ್ಲೇ ಒಂದರ ಹೆಸರು ಹೇಳ್ತದೆ. ಪ್ರಮಾಣಿತ ಬೀಜಕ್ಕೆ 9 ತಿಂಗಳ ವಾಯಿದೆ ಇರುವಾಗ ಇದಕ್ಕೂ ಒಂದು ವಾಯಿದೆ ಬೇಡವಾ?

ನಮ್ಮ ಪಕ್ಕದ ಹೊಲದ ಹುಡುಗನ ವಿಚಾರ ಹೇಳ್ತೀನಿ. 25 ದಿನದ ಮೆಕ್ಕೆಜೋಳ, ಎಳೆ ಎಲೆಗಳ ಮೇಲೆ ಬಿಳಿ-ಹಳದಿ ಪಟ್ಟಿ. ಫೋನ್ ಕೇಳಿದ, ಕೇದಿಗೆ ರೋಗ ಅಂತ ಬಂತು, ಶಿಲೀಂಧ್ರನಾಶಕ ತರೋಕೆ ಹರಪನಹಳ್ಳಿಗೆ ಹೊರಟಿದ್ದ. ನಾಳೆ ಬೆಳಗ್ಗೆ ನೋಡೋಣ ತಡೀಪಾ ಅಂದೆ. ಕೇದಿಗೆ ರೋಗ ಆದ್ರೆ ಇಬ್ಬನಿ ಇರೋ ಹೊತ್ತಿನಲ್ಲಿ ಎಲೆ ತಿರುವಿ ನೋಡಿದ್ರೆ ತಳದಲ್ಲಿ ಬಿಳಿ ಬೂಷ್ಟು ಕಾಣುತ್ತೆ. ಇಬ್ಬರೂ ಹತ್ತಿಪ್ಪತ್ತು ಗಿಡ ತಿರುವಿದೆವು, ಎಲ್ಲೂ ಇಲ್ಲ. ಪಟ್ಟಿ ಅಗಲವಾಗಿ ಎಲೆಯ ಬುಡದ ಕಡೆ ಇತ್ತು. ರೈತ ಸಂಪರ್ಕ ಕೇಂದ್ರದಲ್ಲಿ ಗಿಡ ತೋರಿಸಿದ್ರೆ ಜಿಂಕ್ ಕೊರತೆ ಅಂದ್ರು. ಲೀಟರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಅದಕ್ಕೆ ಅರ್ಧ ಸುಣ್ಣ ಸೇರಿಸಿ ಹೊಡೆದ, ಸುಳಿ ಹಸಿರಾಯ್ತು. ಫೋಟೊದಲ್ಲಿ ಕಂಡದ್ದು ಎಲೆಯ ಮೇಲ್ಭಾಗ ಮಾತ್ರ. ತಳ ತಿರುವು ಅಂತ ಯಂತ್ರ ಕೇಳಲೇ ಇಲ್ಲ. ನನ್ನ ತಕರಾರು ಇರೋದು ಇಲ್ಲೇ. ತಪ್ಪು ಕೃಷಿ ಅಧಿಕಾರಿಗಳಿಗೂ ಆಗ್ತದೆ, ಅಂಗಡಿಯವರಿಗಂತೂ ಕೇಳಲೇಬೇಡಿ. ಆದರೆ ಅನುಭವ ಇದ್ದೋರು ಅನುಮಾನ ಬಂದಾಗ "ಒಂದು ಗಿಡ ಕಿತ್ತು ತಗಂಬಾ" ಅಂತಾರೆ. ಯಂತ್ರ ಗೊತ್ತಿದ್ದದ್ದನ್ನೂ ಗೊತ್ತಿಲ್ಲದ್ದನ್ನೂ ಒಂದೇ ಧೈರ್ಯದಲ್ಲಿ ಹೇಳ್ತದೆ.

ಡೋಸ್ ವಿಚಾರ ಇನ್ನೂ ಭಯ. ಸೈನಿಕ ಹುಳುವಿಗೆ ಎಮಾಮೆಕ್ಟಿನ್ ಬೆಂಜೋಯೇಟ್ ಲೀಟರಿಗೆ 0.4 ಗ್ರಾಂ. 16 ಲೀಟರ್ ಕ್ಯಾನಿಗೆ 6.4 ಗ್ರಾಂ. ಪಾಯಿಂಟ್ ಒಂದು ಹಾರಿಹೋದ್ರೆ 64 ಗ್ರಾಂ! ಹೊಡೆಯೋನ ಗತಿ ಏನು, ಮೇವು ತಿನ್ನೋ ದನದ ಗತಿ ಏನು? ನಾನು ಒಂದೇ ಪ್ರಶ್ನೆಯನ್ನ ಒಂದು ಸಲ ಪುಸ್ತಕದ ಕನ್ನಡದಲ್ಲಿ, ಇನ್ನೊಂದು ಸಲ ನಮ್ಮ ಮಾತಿನಲ್ಲಿ ಕೇಳಿ ನೋಡಿದೆ. ಎರಡು ಬೇರೆ ಬೇರೆ ಅಳತೆ ಬಂದವು. ಅದಕ್ಕೇ ಹೇಳ್ತೀನಿ, ಯಾರೂ ಡೋಸ್ ಮಾತ್ರ ಫೋನಿನಿಂದ ತಗೋಬೇಡಿ. ಡಬ್ಬಿ ಜೊತೆ ಕರಪತ್ರ ಕೊಡಲೇಬೇಕು ಅಂತ ಕೀಟನಾಶಕ ನಿಯಮದಲ್ಲೇ ಐತಿ. ಅಂಗಡಿಯಲ್ಲಿ ಕೇಳಿ ಇಸ್ಕೊಳ್ಳಿ, ಹುಡುಗರ ಕೈಲಿ ಓದಿಸಿ. ಅನುಮಾನ ಇದ್ರೆ ಕಿಸಾನ್ ಕಾಲ್ ಸೆಂಟರ್ 1800-180-1551, ಪುಕ್ಕಟೆ. ಇನ್ನೊಂದು, ಸಲಹೆಯ ಕೊನೆಗೆ ಒಂದೇ ಕಂಪನಿಯ ಔಷಧಿ ಹೆಸರು, "ಇಲ್ಲೇ ಕೊಳ್ಳಿ" ಅಂತ ಬಂದ್ರೆ ಅದು ಔಷಧಿ ಅಂಗಡಿ ಅಂತಲೇ ತಿಳ್ಕೊಳ್ಳಿ.

ಚೆನ್ನಾಗಿ ಆದದ್ದನ್ನೂ ಹೇಳಬೇಕಲ್ಲ. 2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಎಐ ಲೆಕ್ಕದ ಮಳೆ ಮುನ್ಸೂಚನೆಯನ್ನ ಮೆಸೇಜಿನಲ್ಲಿ ಕಳಿಸಿತು. ಆ ವರ್ಷ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, ಆಮೇಲೆ ಮುಂದಕ್ಕೆ ಹೋಗದೆ ನಡುವೆ ನಿಂತುಬಿಡ್ತು. ಸುಮಾರು 20 ದಿನದ ಆ ತಡೆಯನ್ನ ಮುನ್ಸೂಚನೆ ಮೊದಲೇ ಹೇಳಿತ್ತು. ಮೊದಲ ಮಳೆಗೇ ಬಿತ್ತಿ ಬೀಜ ಕಳ್ಕೊಂಡೋರಿಗೆ ಇದರ ಬೆಲೆ ಗೊತ್ತು. ಇದನ್ನ ನಾನು ಹೆಚ್ಚು ನಂಬೋದಕ್ಕೆ ಕಾರಣ ಐತಿ. ಅದರ ಹಿಂದೆ ಹವಾಮಾನ ಇಲಾಖೆಯ 125 ವರ್ಷದ ಮಳೆ ಲೆಕ್ಕ ಇತ್ತು. ಮೇಲಾಗಿ, ಮಳೆ ಬಂತೋ ಇಲ್ಲೋ ಅನ್ನೋದು ಊರಿಗೆಲ್ಲ ಕಾಣುತ್ತೆ, ಸುಳ್ಳಾದ್ರೆ ಮುಚ್ಚಿಡೋಕಾಗಲ್ಲ. ಎಲೆ ರೋಗದ ಸಲಹೆ ತಪ್ಪಾದ್ರೆ ಅದು ಆ ಹೊಲದವನಿಗೆ ಮಾತ್ರ ಗೊತ್ತು, ಎಷ್ಟೋ ಸಲ ಅವನಿಗೂ ಗೊತ್ತಾಗಲ್ಲ.

ಅದಕ್ಕೇ ನನ್ನ ಒತ್ತಾಯ ಇಷ್ಟು. ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ನಮ್ಮ ಭಾಗದ ಹೊಲಗಳಲ್ಲೇ, ನಮ್ಮ ಬೆಳೆಗಳ ಮೇಲೇ ಇಂಥ ಆಪ್‌ಗಳನ್ನ ಎರಡು ಹಂಗಾಮು ಪರೀಕ್ಷೆ ಮಾಡಲಿ. ಕೇದಿಗೆ ರೋಗ, ಹಾವುಸುಳಿ ರೋಗ ಅಂತ ನಮ್ಮ ಬಾಯಿಮಾತಲ್ಲಿ ಕೇಳಿದ್ರೆ ಅರ್ಥ ಆಗ್ತದಾ ಅಂತಲೂ ನೋಡಲಿ. ನೂರಕ್ಕೆ ಎಷ್ಟು ಸರಿ, ಯಾವ ಬೆಳೆಗೆ ಆಗಲ್ಲ ಅನ್ನೋದನ್ನ ಹೋಬಳಿಯ ರೈತ ಸಂಪರ್ಕ ಕೇಂದ್ರದ ಗೋಡೆಗೆ ಅಂಟಿಸಲಿ. ಪಾಸಾಗದ್ದನ್ನ ಇಲಾಖೆಯವರು ಸಭೆಗಳಲ್ಲಿ "ಡೌನ್‌ಲೋಡ್ ಮಾಡ್ಕೊಳ್ಳಿ" ಅಂತ ಹೇಳೋದು ನಿಲ್ಲಿಸಲಿ.

ಅಲ್ಲಿವರೆಗೆ ನಾವೇ ಒಂದು ಕೆಲಸ ಮಾಡೋಣ. ಫೋನ್ ಕೇಳಿದಾಗ ಫೋಟೊ, ಅದು ಕೊಟ್ಟ ಉತ್ತರ, ದಿನಾಂಕ ಉಳಿಸಿಡಿ. ಕೊನೆಗೆ ಏನು ರೋಗ ಅಂತ ಖಾತ್ರಿಯಾಯ್ತು ಅನ್ನೋದನ್ನೂ ಪಕ್ಕದಲ್ಲಿ ಬರೀರಿ. ನಮ್ಮೂರಲ್ಲಿ ಆರು ಜನ ಈ ಹಂಗಾಮಿನಿಂದ ಶುರು ಮಾಡ್ತಿದ್ದೀವಿ, ಸುತ್ತಲ ಊರಿನವರೂ ಸೇರಿದ್ರೆ ನೂರು ಹೊಲದ ಲೆಕ್ಕ ಆಗ್ತದೆ. ಸುಗ್ಗಿ ಮುಗಿದ ಮೇಲೆ ಅದನ್ನೇ ಅರ್ಜಿ ಜೊತೆ ಲಗತ್ತಿಸಿ ತಾಲ್ಲೂಕಿನ ಕೃಷಿ ಸಹಾಯಕ ನಿರ್ದೇಶಕರಿಗೆ ಕೊಡೋಣ.